ವಂಶವೃಕ್ಷ 1750ರ ಹತ್ತಿರ ನಿಂತುಬಿಟ್ಟಿದೆಯಾ? ದೋಷ ಎಲ್ಲಿದೆ ಅಂತ ಹೀಗೆ ಹುಡುಕಿ

ಮಗಳು ಮದುವೆಯಾಗಿದ್ದು ವರ್ಜೀನಿಯಾ ಕಡೆಯ ಹುಡುಗನನ್ನು. ಬೀಗರ ಮನೆಯ ಊಟದ ಕೋಣೆಯಲ್ಲಿ ಚೌಕಟ್ಟು ಹಾಕಿಸಿದ ವಂಶವೃಕ್ಷ ಒಂದಿದೆ. ಹತ್ತು ತಲೆಮಾರು. ಮೊಮ್ಮಗಳು ಹುಟ್ಟಿದಾಗ ಬೀಗಿತ್ತಿ ಅದರ ಕೆಳಗೆ ಪೆನ್ನಿನಲ್ಲಿ ಅವಳ ಹೆಸರು ಸೇರಿಸಿದರು. ಆವತ್ತೇ ನಾನು ಅದನ್ನು ಮೊದಲ ಸಲ ಕೂತು ಓದಿದ್ದು. ಕೆಳಗಿನಿಂದ ಆರನೇ ಮೆಟ್ಟಿಲಿನ ಹೆಂಗಸು ಹನ್ನೊಂದನೇ ವಯಸ್ಸಿಗೆ ಮಗು ಹೆತ್ತಿದ್ದಾಳೆ. ಎಂಟನೇ ಮೆಟ್ಟಿಲಿನ ಗಂಡಸಿಗೆ, ಅವನು ಸತ್ತು ಎರಡು ವರ್ಷ ಆದಮೇಲೆ ಮಗ ಹುಟ್ಟಿದ್ದಾನೆ. ಯಾರೂ ಸುಳ್ಳು ಬರೆದಿರಲಿಲ್ಲ. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ನಂಬಿ ಬರೆದುಕೊಂಡಿದ್ದರು, ಅಷ್ಟೇ.

ಅಲ್ಲಿಂದ ಮೂರು ವರ್ಷ ಇದೇ ಕೆಲಸ ಹಿಡಿದಿದ್ದೇನೆ. ನಿಮ್ಮ ಮನೆಗೂ ಅಮೆರಿಕದ ಅಳಿಯನೋ ಸೊಸೆಯೋ ಬಂದಿದ್ದು, ಅವರ ಕಡೆಯ ಹಿರಿಯರನ್ನು ಹುಡುಕುತ್ತಾ ಅಮೆರಿಕದ ಸ್ವಾತಂತ್ರ್ಯಕ್ಕೆ ಮುಂಚಿನ ಕಾಲದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ, ಇದು ನಿಮಗಾಗಿ. ನನಗೆ ಅರ್ಥವಾದ ಮುಖ್ಯ ಮಾತು ಇದು: ಆ ಹಿರಿಯ ಕಳೆದುಹೋಗಿರುವುದಿಲ್ಲ. ಜಾಸ್ತಿ ಸಲ ದೋಷ ಇರುವುದು ನಾವು ಸಿಕ್ಕಿಬಿದ್ದ ಜಾಗದಲ್ಲಲ್ಲ, ಅದಕ್ಕಿಂತ ಒಂದೆರಡು ತಲೆಮಾರು ಕೆಳಗೆ, ಸರಿಯಾಗಿದೆ ಅಂದುಕೊಂಡು ದಾಟಿ ಬಂದ ಕೊಂಡಿಯಲ್ಲಿ.

ಕೆಳಗೆ ಉದಾಹರಣೆಗೆ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆತನವನ್ನೇ ಹಿಡಿದಿದ್ದೇನೆ. ಕಾರಣ ಇದೆ. ಆ ಮನೆಯ ಉತ್ತರಗಳು ಎಲ್ಲರಿಗೂ ಗೊತ್ತು. ಗೊತ್ತಿರುವ ಲೆಕ್ಕದಲ್ಲಿ ತಪ್ಪು ಹೇಗೆ ನುಸುಳುತ್ತದೆ ಅಂತ ನೋಡಿಕೊಂಡರೆ, ನಿಮ್ಮ ಲೆಕ್ಕದಲ್ಲಿ ಅದೇ ತಪ್ಪು ಕಣ್ಣಿಗೆ ಬೀಳುತ್ತದೆ.

ಎಲ್ಲಕ್ಕಿಂತ ಮೊದಲು ಈ ಎರಡು ಪರೀಕ್ಷೆ

ಮನೆಯಲ್ಲಿ ಕರೆಂಟ್ ಹೋದಾಗ ಬಲ್ಬಿನಿಂದ ಶುರುಮಾಡುವುದಿಲ್ಲ ಅಲ್ವಾ? ಎಲ್ಲಿಯವರೆಗೆ ಕರೆಂಟ್ ಬಂದಿದೆ ಅಂತ ಟೆಸ್ಟರ್ ಹಿಡಿದು ನೋಡುತ್ತೇವೆ. ಇಲ್ಲೂ ಹಾಗೇ. ಇವತ್ತಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗಿ. ಪ್ರತಿ ಕೊಂಡಿಗೂ ಒಂದೇ ಪ್ರಶ್ನೆ: ಇವನು ಅವನ ಮಗ ಅಂತ ಹೇಳುವ ಕಾಗದ ಯಾವುದು? ಕಾಗದ ಇದ್ದರೆ ಸರಿ. "ಎಲ್ಲರೂ ಹಾಗೇ ಹಾಕಿದ್ದಾರೆ" ಅನ್ನುವುದೊಂದೇ ಉತ್ತರವಾದರೆ ಅಲ್ಲಿ ಕೆಂಪು ಗುರುತು ಹಾಕಿ. ನಮ್ಮ ಬೀಗರ ವಂಶವೃಕ್ಷದ ಹತ್ತು ಮೆಟ್ಟಿಲಲ್ಲಿ ನಾಲ್ಕಕ್ಕೆ ಕೆಂಪು ಬಿತ್ತು. ಅದರಲ್ಲಿ ಮೊದಲನೆಯದು ಐದನೇ ಮೆಟ್ಟಿಲಿನಲ್ಲೇ ಇತ್ತು, 1800ರ ಈಚೆಗೆ.

ಎರಡನೇ ಪರೀಕ್ಷೆ, ನೀವು ಹುಡುಕುತ್ತಿರುವ ಕಾಗದ ಯಾವತ್ತಾದರೂ ಇತ್ತಾ ಅನ್ನುವುದು. ನಾನು ತಿಂಗಳುಗಟ್ಟಲೆ ವರ್ಜೀನಿಯಾದ 1740ರ ಜನನ ದಾಖಲೆ ಹುಡುಕಿದೆ. ಅಲ್ಲಿ ಸರ್ಕಾರ ಜನನ ಮರಣ ಬರೆದಿಡಲು ಶುರುಮಾಡಿದ್ದೇ 1853ರಲ್ಲಿ. ಅದಕ್ಕೂ ಮುಂಚಿನದು ಬೇಕಾದರೆ ಪ್ಯಾರಿಷ್ ಪುಸ್ತಕ, ಅಂದರೆ ಆಯಾ ಸೀಮೆಯ ಚರ್ಚಿನ ದಾಖಲೆ ಪುಸ್ತಕ, ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ 1639ರಲ್ಲೇ ಊರೂರಿನ ಗುಮಾಸ್ತರು ಹುಟ್ಟು, ಮದುವೆ, ಸಾವು ಬರೆಯಬೇಕು ಅಂತ ಆಜ್ಞೆಯಾಗಿತ್ತು. ಹಾಗಾಗಿ ನ್ಯೂ ಇಂಗ್ಲೆಂಡ್, ಅಂದರೆ ಮ್ಯಾಸಚೂಸೆಟ್ಸ್ ಇರುವ ಈಶಾನ್ಯ ಭಾಗದವರ ಕೆಲಸ ಬೇರೆ, ದಕ್ಷಿಣದವರ ಕೆಲಸ ಬೇರೆ. ದಕ್ಷಿಣದಲ್ಲಿ ನಿಮ್ಮ ಕೈಹಿಡಿಯುವುದು ಉಯಿಲು, ಕ್ರಯಪತ್ರ, ಕೋರ್ಟಿನ ದಿನವಹಿ ಪುಸ್ತಕ, ತೆರಿಗೆ ಪಟ್ಟಿ.

ಜನಗಣತಿಯೂ ಹಾಗೇ. ದೇಶದ ಮೊದಲ ಜನಗಣತಿ 1790ರಲ್ಲಿ. ಅಲ್ಲಿಂದ 1840ರವರೆಗೆ ಬರೆದಿದ್ದು ಮನೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. ಸ್ವತಂತ್ರರಾಗಿದ್ದ ಎಲ್ಲರ ಹೆಸರೂ ಬಂದಿದ್ದು 1850ರಲ್ಲಿ, ಯಜಮಾನನಿಗೆ ಏನಾಗಬೇಕು ಅನ್ನುವುದು ಬಂದಿದ್ದು 1880ರಲ್ಲಿ. ವರ್ಜೀನಿಯಾದ 1790ರ ಪಟ್ಟಿಗಳು ಉಳಿದೇ ಇಲ್ಲ, ಬದಲಿಗೆ 1780ರ ದಶಕದ ರಾಜ್ಯದ ಪಟ್ಟಿಗಳನ್ನು ಬಳಸುತ್ತಾರೆ. ಹಡಗಿನ ಪ್ರಯಾಣಿಕರ ಪಟ್ಟಿಯನ್ನು ಕ್ರಮವಾಗಿ ಇಡಲು ಶುರುವಾಗಿದ್ದು 1820ರಲ್ಲಿ. 1690ರ ಹಡಗಿನ ಪಟ್ಟಿ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಸಣ್ಣ ವಿಷಯ. ನಾವು ಜಾರ್ಜ್ ವಾಷಿಂಗ್ಟನ್ ವಂಶದವರು ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಅವರ ಅಣ್ಣತಮ್ಮಂದಿರ ವಂಶ ಆಗಿರಬಹುದು, ಅದನ್ನೂ ಕಾಗದ ತೋರಿಸಿಯೇ ಒಪ್ಪಬೇಕು.

ಲಕ್ಷಣ: ಅಪ್ಪ ಅಮ್ಮನ ಮದುವೆಗೆ ಮೊದಲೇ ಮಗು ಹುಟ್ಟಿದೆ

ವಾಷಿಂಗ್ಟನ್ ಅವರ ತಂದೆ ಆಗಸ್ಟಿನ್ ಎರಡನೇ ಮದುವೆಯಾಗಿ ಮೇರಿ ಬಾಲ್ ಅವರನ್ನು ಕೈಹಿಡಿದಿದ್ದು 1731ರ ಮಾರ್ಚ್ 6 ಅಂತ ಒಂದು ಕಡೆ ಓದುತ್ತೀರಿ. ಇನ್ನೊಂದು ಕಡೆ ಜಾರ್ಜ್ ಹುಟ್ಟಿದ್ದು 1731ರ ಫೆಬ್ರವರಿ 11 ಅಂತ ಇರುತ್ತದೆ. ಅಂದರೆ ಮದುವೆಗೆ 23 ದಿನ ಮೊದಲೇ ಮಗು! ಇದೇ ಲೆಕ್ಕ ಯಾವುದೋ ಹೆಸರಿಲ್ಲದ ರೈತನ ಮನೆಯಲ್ಲಿ ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಹುಡುಗ ಮೊದಲ ಹೆಂಡತಿಯ ಮಗ ಅಂತ ತೀರ್ಮಾನಿಸಿ, ತಾಯಿಯನ್ನೇ ಬದಲಾಯಿಸಿ, ಇಲ್ಲದ ಅಜ್ಜನನ್ನು ಹುಡುಕುತ್ತಾ ಹೊರಡುತ್ತಿದ್ದೆವು.

ದೋಷ ಇರುವುದು ಕ್ಯಾಲೆಂಡರಿನಲ್ಲಿ. ಆಗ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ, ಮಾರ್ಚ್ 24ರವರೆಗಿನ ದಿನಗಳೆಲ್ಲ ಹಳೆ ವರ್ಷದ ಬಾಲ. ಹಾಗಾಗಿ ತಿಳಿದವರು ಎರಡೂ ವರ್ಷ ಸೇರಿಸಿ ಬರೆಯುತ್ತಿದ್ದರು. ಮದುವೆ 1730/31ರ ಮಾರ್ಚ್ 6, ಮಗು ಹುಟ್ಟಿದ್ದು 1731/32ರ ಫೆಬ್ರವರಿ 11. ಈಗ ನೋಡಿ, ಮದುವೆಯಾಗಿ ಹನ್ನೊಂದು ತಿಂಗಳಿಗೆ ಮಗು. ಎಲ್ಲ ಸರಿಯಾಗಿದೆ. ಯಾರೋ ಒಂದನ್ನು ಹೊಸ ಲೆಕ್ಕದಲ್ಲಿ, ಇನ್ನೊಂದನ್ನು ಹಳೆ ಲೆಕ್ಕದಲ್ಲಿ ನಕಲು ಮಾಡಿದ್ದೇ ತೊಂದರೆ.

ಇದರ ಮೇಲೆ 1752ರ ಬದಲಾವಣೆ. ಆ ವರ್ಷ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14 ಬಂತು, ವರ್ಷದ ಮೊದಲ ದಿನ ಜನವರಿ 1 ಆಯಿತು. ಹಾಗಾಗಿಯೇ ವಾಷಿಂಗ್ಟನ್ ಹುಟ್ಟುಹಬ್ಬ ಈಗ 1732ರ ಫೆಬ್ರವರಿ 22. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರ ದಾಖಲೆಯಲ್ಲಿ ಇನ್ನೂ ಒಂದು ಗಂಟಿದೆ. ಅವರು ತಿಂಗಳ ಹೆಸರು ಬರೆಯದೆ ಒಂದನೇ ತಿಂಗಳು, ಎರಡನೇ ತಿಂಗಳು ಅಂತ ಬರೆದರು. 1752ಕ್ಕೆ ಮುಂಚೆ ಅವರ ಒಂದನೇ ತಿಂಗಳು ಅಂದರೆ ಮಾರ್ಚ್, ಹನ್ನೆರಡನೆಯದು ಫೆಬ್ರವರಿ.

ಪರಿಹಾರ ಸುಲಭ. ಕಾಗದದಲ್ಲಿ ಹೇಗಿದೆಯೋ ಹಾಗೇ ಒಂದು ಕಾಲಂನಲ್ಲಿ ಬರೆಯಿರಿ. ಪರಿವರ್ತನೆ ಮಾಡಿದ್ದನ್ನು ಪಕ್ಕದ ಕಾಲಂನಲ್ಲಿ ಬರೆಯಿರಿ. ಎರಡನ್ನೂ ಒಂದೇ ಕಡೆ ಇಟ್ಟರೆ ಮುಂದೊಂದು ದಿನ ನೀವೇ ಅದನ್ನು ಇನ್ನೊಂದು ಸಲ ಪರಿವರ್ತನೆ ಮಾಡಿಬಿಡುತ್ತೀರಿ.

ಲಕ್ಷಣ: ಮನೆ ಅಲ್ಲೇ ಇದೆ, ಕಾಗದ ಇಲ್ಲ

ಫೆರಿ ಫಾರ್ಮ್ ಅಂತ ವಾಷಿಂಗ್ಟನ್ ಬೆಳೆದ ಜಾಗ ಇದೆ, ಫ್ರೆಡೆರಿಕ್ಸ್‌ಬರ್ಗ್ ಊರಿನ ಎದುರು ದಡದಲ್ಲಿ. ಇವತ್ತಿನ ನಕಾಶೆಯಲ್ಲಿ ಅದು ಸ್ಟಾಫರ್ಡ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ. ಅವರ ತಂದೆ 1743ರಲ್ಲಿ ಅಲ್ಲೇ ವಾಸವಿದ್ದಾಗ ತೀರಿಕೊಂಡರು. ಉಯಿಲು ಹುಡುಕಲು ಸ್ಟಾಫರ್ಡ್‌ಗೆ ಹೋದರೆ ಸಿಗುವುದಿಲ್ಲ. ಅದು ದಾಖಲಾಗಿದ್ದು ಕಿಂಗ್ ಜಾರ್ಜ್ ಕೌಂಟಿಯಲ್ಲಿ, ಯಾಕೆಂದರೆ ಆಗ ಆ ಜಾಗ ಅದಕ್ಕೆ ಸೇರಿತ್ತು. ಗಡಿ ಬದಲಾಗಿದ್ದು ಆಮೇಲೆ.

ವಾಷಿಂಗ್ಟನ್ ಆಮೇಲೆ ಬಾಳಿದ ಎಸ್ಟೇಟ್ ಮೌಂಟ್ ವರ್ನನ್ ಇನ್ನೂ ಚೆನ್ನಾದ ಉದಾಹರಣೆ. ಲಿಟಲ್ ಹಂಟಿಂಗ್ ಕ್ರೀಕ್ ಅನ್ನುವ ಹಳ್ಳದ ಪಕ್ಕದ ಆ ಜಮೀನು ವಾಷಿಂಗ್ಟನ್ ಅವರ ಮುತ್ತಾತ ಜಾನ್ ಮತ್ತು ನಿಕೋಲಸ್ ಸ್ಪೆನ್ಸರ್ ಇಬ್ಬರ ಹೆಸರಿಗೆ ಮಂಜೂರಾಗಿದ್ದು 1674ರಲ್ಲಿ. ಆಗ ಸ್ಟಾಫರ್ಡ್. 1731ರಿಂದ ಪ್ರಿನ್ಸ್ ವಿಲಿಯಂ. 1742ರಿಂದ ಫೇರ್‌ಫ್ಯಾಕ್ಸ್. ಮನೆಯವರು ಒಂದು ಹೆಜ್ಜೆ ಕದಲಿಲ್ಲ, ಕಾಗದ ಮೂರು ಕಚೇರಿಯಲ್ಲಿದೆ. ನಮ್ಮಲ್ಲಿ ತಾಲೂಕು ಒಡೆದು ಹೊಸ ತಾಲೂಕು ಮಾಡಿದಾಗ ಹಳೆ ರಿಜಿಸ್ಟರುಗಳು ಹಳೆ ಕಚೇರಿಯಲ್ಲೇ ಉಳಿಯುತ್ತವಲ್ಲ, ಹಾಗೇ ಇದು.

ಅದಕ್ಕೇ ಹುಡುಕುವ ಮೊದಲು ಕೌಂಟಿಯ ಹುಟ್ಟಿದ ವರ್ಷ ಮತ್ತು ಅದರ ತಾಯಿ ಕೌಂಟಿ, ಅಂದರೆ ಅದು ಒಡೆದು ಬಂದ ಕೌಂಟಿ, ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ. ಪಶ್ಚಿಮದ ಕಡೆ ಹೋದವರಿಗೆ ಇದು ಇನ್ನೂ ಮುಖ್ಯ. 1738ರಲ್ಲಿ ಆಗಸ್ಟಾ ಕೌಂಟಿ ಮಾಡಿದಾಗ ಅದು ಕಾಗದದ ಮೇಲೆ ಮಿಸಿಸಿಪಿ ನದಿಯವರೆಗೂ ಚಾಚಿತ್ತು. ಅಲ್ಲಿ ಕೋರ್ಟ್ ಕೆಲಸ ಶುರುಮಾಡಿದ್ದು 1745ರಲ್ಲಿ. ನಡುವಿನ ಏಳು ವರ್ಷದ ಕಾಗದಗಳನ್ನು ತಾಯಿ ಕೌಂಟಿ ಆರೆಂಜ್‌ನಲ್ಲಿ ನೋಡಬೇಕು. ಕೆಂಟಕಿ 1792ರವರೆಗೆ ವರ್ಜೀನಿಯಾದ ಭಾಗ, ಮೇನ್ 1820ರವರೆಗೆ ಮ್ಯಾಸಚೂಸೆಟ್ಸ್‌ನ ಭಾಗ.

ಲಕ್ಷಣ: ಉಯಿಲಿನಲ್ಲಿ ಅಳಿಯ ಇದ್ದಾನೆ, ಮಗಳೇ ಇಲ್ಲ

1773ರ ಏಪ್ರಿಲ್ 3ರಂದು ವಾಷಿಂಗ್ಟನ್ ಮೇರಿಲ್ಯಾಂಡಿನ ಬೆನೆಡಿಕ್ಟ್ ಕಾಲ್ವರ್ಟ್‌ಗೆ ಒಂದು ಕಾಗದ ಬರೆದರು. ನಿಮ್ಮ ಎರಡನೇ ಮಗಳನ್ನು ನಮ್ಮ ಹುಡುಗ ಇಷ್ಟಪಟ್ಟಿದ್ದಾನೆ ಅನ್ನುವ ವಿಷಯ. ಅದರಲ್ಲಿ ಹುಡುಗನನ್ನು ನನ್ನ "ಸನ್ ಇನ್ ಲಾ" ಅಂತ ಕರೆದಿದ್ದಾರೆ. ಇವತ್ತಿನ ಅರ್ಥದಲ್ಲಿ ಓದಿದರೆ ಅಳಿಯ. ಆದರೆ ವಾಷಿಂಗ್ಟನ್‌ಗೆ ಮಗಳೇ ಇರಲಿಲ್ಲ! ಆ ಹುಡುಗ ಹೆಂಡತಿ ಮಾರ್ಥಾ ಅವರ ಮೊದಲ ಗಂಡನ ಮಗ, ಜಾನ್ ಪಾರ್ಕ್ ಕಸ್ಟಿಸ್. ಅಂದರೆ ಮಲಮಗ. ಆ ಕಾಲದಲ್ಲಿ ಮಲಮಗನಿಗೂ ಅದೇ ಪದ ಬಳಸುತ್ತಿದ್ದರು.

ಇದೊಂದೇ ಪದದಿಂದ ಎಷ್ಟೋ ವಂಶವೃಕ್ಷದಲ್ಲಿ ಇಲ್ಲದ ಮಗಳು ಹುಟ್ಟಿದ್ದಾಳೆ. ಕನ್ನಡದಲ್ಲಿ ನಮಗೆ ಅಳಿಯ, ಸೋದರಳಿಯ, ಮಲಮಗ, ಭಾವಮೈದುನ ಎಲ್ಲ ಬೇರೆ ಬೇರೆ. ಅಲ್ಲಿ ಹಾಗಿಲ್ಲ. ಉಯಿಲಿನಲ್ಲಿ ಕಸಿನ್ ಅಂತ ಇದ್ದರೆ ಅಣ್ಣನ ಮಗನೂ ಆಗಿರಬಹುದು, ತಂಗಿಯ ಮಗಳೂ ಆಗಿರಬಹುದು. ಬ್ರದರ್ ಅಂದರೆ ಅದೇ ಚರ್ಚಿನ ಭಕ್ತನೂ ಆಗಿರಬಹುದು. ಮಿಸೆಸ್ ಅಂದರೆ ಮದುವೆಯಾದವಳು ಅಂತಲ್ಲ, ಅಂತಸ್ತಿನ ಮನೆಯ ಹೆಂಗಸು ಅಂತ. ಇನ್‌ಫಂಟ್ ಅಂತ ಕೋರ್ಟ್ ಬರೆದರೆ ತೊಟ್ಟಿಲ ಮಗು ಅಲ್ಲ, 21 ತುಂಬದವರು ಯಾರಾದರೂ ಆಗಬಹುದು. ರೆಲಿಕ್ಟ್ ಅಂದರೆ ವಿಧವೆ. ನ್ಯಾಚುರಲ್ ಸನ್ ಅಂತ ಕಂಡ ತಕ್ಷಣ ಮದುವೆಯ ಹೊರಗೆ ಹುಟ್ಟಿದವನು ಅಂದುಕೊಳ್ಳಬೇಡಿ. ಹೊಟ್ಟೆಯಲ್ಲಿ ಹುಟ್ಟಿದ ಸ್ವಂತ ಮಗ ಅಂತಲೂ ಬರೆಯುತ್ತಿದ್ದರು.

ಉಯಿಲಿನಲ್ಲಿ ಹಿರಿಯ ಮಗನ ಹೆಸರೇ ಇಲ್ಲ ಅಂದರೆ ಅವನು ಸತ್ತಿದ್ದ ಅಂತಲೂ ಅಲ್ಲ. ವರ್ಜೀನಿಯಾದಲ್ಲಿ 1785ರ ಕಾನೂನು ಬರುವವರೆಗೆ, ಉಯಿಲಿನಲ್ಲಿ ಹೇಳದೆ ಬಿಟ್ಟ ಜಮೀನು ಹಿರಿಯ ಮಗನಿಗೇ ಹೋಗುತ್ತಿತ್ತು. ಅವನಿಗೆ ಅಂತ ಬೇರೆ ಬರೆಯುವ ಅಗತ್ಯವೇ ಇರಲಿಲ್ಲ. ಯಾರಿಗಾದರೂ ಒಂದೇ ಒಂದು ಶಿಲಿಂಗ್ ಕೊಟ್ಟಿದ್ದರೆ ಸಿಟ್ಟಿನಿಂದ ಕೊಟ್ಟಿದ್ದು ಅಂತ ಕಥೆ ಕಟ್ಟಬೇಡಿ. ಬಹಳ ಸಲ ಅವರ ಪಾಲು ಮೊದಲೇ ಕೊಟ್ಟಾಗಿರುತ್ತದೆ.

ಲಕ್ಷಣ: ಸತ್ತವನು ಮತ್ತೆ ಎದ್ದು ಬರುತ್ತಾನೆ

ಒಬ್ಬನೇ ಮನುಷ್ಯ ತುಂಬಾ ಚುರುಕಾಗಿದ್ದಾನೆ ಅನ್ನಿಸಿದರೆ ಅನುಮಾನಪಡಿ. ಒಂದೇ ತಿಂಗಳಲ್ಲಿ ಎರಡು ಕಡೆ ಸಾಕ್ಷಿ ಹಾಕುತ್ತಾನೆ, ಇಬ್ಬರು ಹೆಂಡತಿಯರ ನಡುವೆ ಓಡಾಡುತ್ತಾನೆ, ಸತ್ತಮೇಲೂ ತೆರಿಗೆ ಕಟ್ಟುತ್ತಾನೆ. ಅದು ಒಬ್ಬನಲ್ಲ, ಇಬ್ಬರು. ಇದೇ ನಾನು ಕಂಡ ಅತಿ ಸಾಮಾನ್ಯ ದೋಷ, ಬಿಡಿಸಲು ಅತಿ ಕಷ್ಟದ್ದೂ ಇದೇ. ಅಣ್ಣತಮ್ಮಂದಿರು ಐದು ಜನ ಇದ್ದರೆ ಐವರೂ ಒಬ್ಬೊಬ್ಬ ಮಗನಿಗೆ ತಾತನ ಹೆಸರಿಡುತ್ತಿದ್ದರು. ವಾಷಿಂಗ್ಟನ್ ಮನೆತನವನ್ನೇ ನೋಡಿ, ಲಾರೆನ್ಸ್ ಅನ್ನುವ ಹೆಸರು ಅವರ ತಾತನದು, ಅಣ್ಣನದು, ಇಂಗ್ಲೆಂಡಿನಿಂದ ಬಂದ ಮುತ್ತಾತನ ತಮ್ಮನದು.

ಸೀನಿಯರ್, ಜೂನಿಯರ್ ಅಂತ ಹಿಂದೆ ಇದ್ದರೆ ಅಪ್ಪ ಮಗ ಅಂತ ಹಾರಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಹಿರಿಯವನು, ಕಿರಿಯವನು ಅಂತ ಅಷ್ಟೇ ಅರ್ಥ. ಚಿಕ್ಕಪ್ಪ, ಅಣ್ಣನ ಮಗ ಆಗಿರಬಹುದು. ಸಂಬಂಧವೇ ಇಲ್ಲದೆಯೂ ಇರಬಹುದು. ಇನ್ನೂ ತಮಾಷೆಯೆಂದರೆ ಹಿರಿಯವನು ಸತ್ತ ಮೇಲೆ ಜೂನಿಯರ್ ಇದ್ದವನೇ ಸೀನಿಯರ್ ಆಗಿಬಿಡುತ್ತಾನೆ.

ನಮ್ಮ ಎಂಟನೇ ಮೆಟ್ಟಿಲಿನವನನ್ನು ಬಿಡಿಸಿದ್ದು ಹೀಗೆ. ಅವನ ಹೆಸರು ಬಂದ ಎಲ್ಲ ಕಾಗದಗಳನ್ನೂ, ಬೇಕಾದ್ದು ಬೇಡದ್ದು ಅಂತ ನೋಡದೆ, ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಜೋಡಿಸಿದೆ. ಒಟ್ಟು 41 ನಮೂದು. ಪ್ರತಿಯೊಂದರ ಪಕ್ಕ ಜಮೀನಿನ ಚಕ್ಬಂದಿ, ಸಾಕ್ಷಿಗಳ ಹೆಸರು, ಹೆಂಡತಿಯ ಹೆಸರು, ಸಹಿ ಹೇಗೆ ಅನ್ನುವುದನ್ನು ಬರೆದೆ. ಮೊದಲ ಸುಳಿವು ಕೊಟ್ಟಿದ್ದು ಸಹಿ. ಕೆಲವು ಕ್ರಯಪತ್ರಗಳಲ್ಲಿ ಅವನು ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದ. ಉಳಿದವುಗಳಲ್ಲಿ ಎರಡು ನಿಂತ ಗೆರೆ, ನಡುವೆ ಒಂದು ಅಡ್ಡಗೆರೆ, ಅಕ್ಷರ ಬಾರದವನು ಹಾಕುವ ಗುರುತು. ಕೋರ್ಟಿನ ಗುಮಾಸ್ತ ಪುಸ್ತಕಕ್ಕೆ ನಕಲು ಮಾಡುವಾಗ ಆ ಗುರುತನ್ನೂ ಹಾಗೇ ಬಿಡಿಸಿಟ್ಟಿದ್ದ. ಅಕ್ಷರ ಬಂದವನು ಮರುವರ್ಷ ಅಕ್ಷರ ಮರೆಯುವುದಿಲ್ಲ ಅಲ್ವಾ?

ಆಮೇಲೆ ಚಕ್ಬಂದಿ ನೋಡಿದೆ. ಸಹಿ ಮಾಡುವವನ ಹೊಲ ಹಿಟ್ಟಿನ ಗಿರಣಿಯ ಹಳ್ಳಕ್ಕೆ ತಾಗಿತ್ತು. ಗುರುತು ಹಾಕುವವನ ಹೊಲದ ಮೂಲೆಗಲ್ಲು, ಅಲ್ಲಿ ಕಲ್ಲಲ್ಲ ಮರ, ಒಂದು ಬಿಳಿ ಓಕ್ ಮತ್ತು ಪಕ್ಕದವನ ಬೇಲಿ. ಒಬ್ಬ 200 ಎಕರೆಗೆ ತೆರಿಗೆ ಕಟ್ಟುತ್ತಿದ್ದ, ಇನ್ನೊಬ್ಬ 90ಕ್ಕೆ. ಒಬ್ಬನ ಹೆಂಡತಿ ಎಲಿಜಬೆತ್, ಇನ್ನೊಬ್ಬನ ಹೆಂಡತಿ ಆ್ಯನ್. 41 ನಮೂದುಗಳು ಎರಡು ರಾಶಿಯಾದವು, ಆರು ಮಾತ್ರ ಯಾವ ರಾಶಿಗೂ ಸೇರದೆ ಉಳಿದವು. ಸತ್ತಿದ್ದು ಗುರುತು ಹಾಕುವವನು, ಎರಡು ವರ್ಷದ ಮೇಲೆ ಮಗ ಹುಟ್ಟಿದ್ದು ಸಹಿ ಮಾಡುವವನಿಗೆ. ಬೀಗರ ಮನೆಯವರು ತಮ್ಮದಲ್ಲದ ಸಮಾಧಿಗೆ ಎಷ್ಟೋ ವರ್ಷ ಹೂವಿಟ್ಟು ಬಂದಿದ್ದರು.

ವಯಸ್ಸಿನ ಸುಳಿವೂ ಬಳಸಿ. ಆಗಿನ ವರ್ಜೀನಿಯಾದಲ್ಲಿ ಹುಡುಗ 16ಕ್ಕೆ ತಲೆಗಂದಾಯದ ಪಟ್ಟಿಗೆ ಬರುತ್ತಾನೆ, 14 ತುಂಬಿದರೆ ತನ್ನ ಪೋಷಕನನ್ನು ತಾನೇ ಆರಿಸಬಹುದು, ಜಮೀನು ಮಾರಲು 21 ಆಗಬೇಕು. ಒಬ್ಬನ ಹೆಸರು ಅಪ್ಪನ ಮನೆಯ ಪಟ್ಟಿಯಲ್ಲಿ ಯಾವ ವರ್ಷ ಮೊದಲು ಬಂತು ಅಂತ ನೋಡಿದರೆ ಹುಟ್ಟಿದ ವರ್ಷ ಹತ್ತಿರ ಹತ್ತಿರ ಸಿಗುತ್ತದೆ.

ಲಕ್ಷಣ: ಹೆಂಡತಿಯ ತವರು ಸಿಗುತ್ತಿಲ್ಲ

1759ರಲ್ಲಿ ವಾಷಿಂಗ್ಟನ್ ಮದುವೆಯಾಗಿದ್ದು ಮಾರ್ಥಾ ಕಸ್ಟಿಸ್ ಅವರನ್ನು. ಕಸ್ಟಿಸ್ ಮನೆಯ ಮಗಳು ಅಂತ ಹುಡುಕಿದರೆ ತಪ್ಪು ಮನೆಗೆ ಹೋಗುತ್ತೀರಿ. ಅದು ತೀರಿಹೋದ ಮೊದಲ ಗಂಡನ ಹೆಸರು. ತವರು ಡ್ಯಾಂಡ್ರಿಜ್ ಮನೆ. ಆ ಕಾಲದಲ್ಲಿ ಎರಡು ಮೂರು ಮದುವೆ ಮಾಮೂಲು. ಮದುವೆ ಕಾಗದದಲ್ಲಿರುವ ಹೆಸರು ತವರಿನದೇ ಅಂತ ನಂಬುವ ಮೊದಲು ಹುಡುಗಿಯ ವಯಸ್ಸು ನೋಡಿ, ಅವಳ ಜೊತೆ ಬಂದ ಮಕ್ಕಳು ಇದ್ದಾರಾ ನೋಡಿ.

ನಮ್ಮ ಆರನೇ ಮೆಟ್ಟಿಲಿನ ಹೆಂಗಸಿನ ಕಥೆಯೂ ಇದೇ. ಹನ್ನೊಂದನೇ ವಯಸ್ಸಿಗೆ ಅವಳು ಹೆರಲಿಲ್ಲ. ಅವಳು ಎರಡನೇ ಹೆಂಡತಿ, ಮಗು ಮೊದಲನೆಯವಳದು. ಗಂಡನ ಉಯಿಲಿನಲ್ಲಿ ಅವಳ ಹೆಸರು ಮಾತ್ರ ಇತ್ತು, ಹಾಗಾಗಿ ಅವಳನ್ನೇ ಎಲ್ಲರ ತಾಯಿ ಮಾಡಿಬಿಟ್ಟಿದ್ದರು. ಮೊದಲನೆಯವಳ ಹೆಸರು ಸಿಕ್ಕಿದ್ದು ಒಂದು ಕ್ರಯಪತ್ರದ ಹಿಂದಿನ ಹಾಳೆಯಲ್ಲಿ. ಗಂಡ ಜಮೀನು ಮಾರುವಾಗ ಹೆಂಡತಿಗೆ ಅದರಲ್ಲಿ ಮೂರನೇ ಒಂದು ಭಾಗದ ಹಕ್ಕು ಇರುತ್ತಿತ್ತು. ಅವಳನ್ನು ಗಂಡನಿಂದ ಬೇರೆಯಾಗಿ ಕೂರಿಸಿ, ಒಪ್ಪಿಗೆಯಿಂದ ಬಿಟ್ಟುಕೊಡುತ್ತಿದ್ದೀಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಆ ನಾಲ್ಕು ಸಾಲಿಗಾಗಿ ನಾನು ಪ್ರತಿ ಕ್ರಯಪತ್ರವನ್ನೂ ಕೊನೆಯವರೆಗೆ ಓದುತ್ತೇನೆ. ಆವತ್ತು ಅವಳ ಹೆಸರು ಕಂಡಾಗ ರಾತ್ರಿ ಹನ್ನೊಂದೂವರೆ ಆಗಿತ್ತು, ಮಗಳನ್ನು ಎಬ್ಬಿಸಿಬಿಟ್ಟೆ.

ಕರೆಯುವ ಹೆಸರಿನ ಗೊಂದಲವೂ ಇಲ್ಲೇ. ಪ್ಯಾಟ್ಸಿ ಅಂದರೆ ಮಾರ್ಥಾ, ಪಾಲಿ ಅಂದರೆ ಮೇರಿ, ಸ್ಯಾಲಿ ಅಂದರೆ ಸಾರಾ, ನ್ಯಾನ್ಸಿ ಅಂದರೆ ಆ್ಯನ್. ವಾಷಿಂಗ್ಟನ್ ಮನೆಯಲ್ಲಿ ಜ್ಯಾಕಿ ಅಂದರೆ ಮೇಲೆ ಹೇಳಿದ ಜಾನ್ ಪಾರ್ಕ್ ಕಸ್ಟಿಸ್. ಪಾಪ, ಆತ 1781ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಯಾರ್ಕ್‌ಟೌನ್ ಮುತ್ತಿಗೆಯ ಪಾಳೆಯದಲ್ಲಿ ಜ್ವರ ಹಿಡಿದು ತೀರಿಕೊಂಡ. ಅಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್‌ನೇ ಹತ್ತು ವರ್ಷದ ಮೇಲೆ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದು.

ಇಡೀ ಮನೆಯವರೇ ಕೆಲವು ವರ್ಷ ಕಾಣೆಯಾದರೆ ವಿಧವೆಯ ಎರಡನೇ ಮದುವೆ ಹುಡುಕಿ. ವಾಷಿಂಗ್ಟನ್ ತಾತ ಲಾರೆನ್ಸ್ 1698ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಮಿಲ್ಡ್ರೆಡ್ ಜಾರ್ಜ್ ಗೇಲ್ ಅನ್ನುವವನನ್ನು ಮದುವೆಯಾಗಿ, ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ವೈಟ್‌ಹೇವನ್‌ಗೆ ಹೋದರು. ಸ್ವಲ್ಪ ದಿನದಲ್ಲೇ ಅಲ್ಲೇ ತೀರಿಕೊಂಡರು. ಮಕ್ಕಳು ಯಾರ ಹತ್ತಿರ ಇರಬೇಕು ಅಂತ ವ್ಯಾಜ್ಯವಾಗಿ, ಕೆಲವು ವರ್ಷದ ನಂತರ ಅವರು ವರ್ಜೀನಿಯಾಕ್ಕೆ ವಾಪಸ್ ಬಂದರು.

ಲಕ್ಷಣ: ಕೋರ್ಟೇ ಸುಟ್ಟುಹೋಗಿದೆ

ಮಾರ್ಥಾ ಹುಟ್ಟಿದ ನ್ಯೂ ಕೆಂಟ್ ಕೌಂಟಿಯ ದಾಖಲೆಗಳು 1787ರ ಬೆಂಕಿಯಲ್ಲಿ ಹೋದವು. ಗ್ಲಾಸ್ಟರ್ ಕೌಂಟಿಯದು 1820ರಲ್ಲಿ ಸುಟ್ಟಿತು, ಉಳಿದಿದ್ದನ್ನು ಭದ್ರವಾಗಿರಲಿ ಅಂತ ರಾಜಧಾನಿ ರಿಚ್ಮಂಡ್‌ಗೆ ಸಾಗಿಸಿದರೆ 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹೊತ್ತಿಕೊಂಡಿತು. ಇದನ್ನೆಲ್ಲ ಓದಿದಾಗ ಹೊಟ್ಟೆ ಉರಿಯುತ್ತದೆ. ಆದರೂ ಕೈಬಿಡಬೇಡಿ. ಸುಟ್ಟಿದ್ದು ಕೌಂಟಿಯ ಪ್ರತಿ. ಜಮೀನಿನ ಮಂಜೂರಾತಿ ವಸಾಹತಿನ ಮಟ್ಟದಲ್ಲಿ ಆಗುತ್ತಿತ್ತು, ಅದರ ಪುಸ್ತಕಗಳು ಈಗ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ. ನ್ಯೂ ಕೆಂಟ್‌ನ ಸೇಂಟ್ ಪೀಟರ್ಸ್ ಪ್ಯಾರಿಷ್ ಪುಸ್ತಕ ಉಳಿದಿದೆ. ರಾಜ್ಯದ ವೈಯಕ್ತಿಕ ಆಸ್ತಿ ತೆರಿಗೆ ಪಟ್ಟಿಗಳು 1782ರಿಂದ ಇವೆ. ನಿಮ್ಮವನು ಪಕ್ಕದ ಕೌಂಟಿಯಲ್ಲಿ ಸಾಲ ಮಾಡಿರುತ್ತಾನೆ, ಹೊಲ ಕೊಂಡಿರುತ್ತಾನೆ, ಯಾರಿಗೋ ಜಾಮೀನು ನಿಂತಿರುತ್ತಾನೆ. ಆ ಕೌಂಟಿ ಸುಟ್ಟಿಲ್ಲದಿದ್ದರೆ ಅಲ್ಲಿ ಸಿಗುತ್ತಾನೆ.

ಬಂದ ವರ್ಷ ಹೊಂದುತ್ತಿಲ್ಲ

ವರ್ಜೀನಿಯಾಕ್ಕೆ ಒಬ್ಬರನ್ನು ಹಡಗಿನಲ್ಲಿ ಖರ್ಚು ಹಾಕಿ ಕರೆತಂದರೆ ತಲೆಗೆ 50 ಎಕರೆ ಕೊಡುತ್ತಿದ್ದರು. ಹೆಡ್‌ರೈಟ್ ಅಂತ ಹೆಸರು. ಆ ಪಟ್ಟಿಯಲ್ಲಿ ಹೆಸರು ಕಂಡ ತಕ್ಷಣ ಅದೇ ವರ್ಷ ಬಂದ ಅಂತ ಬರೆಯುವುದು ತಪ್ಪು. ಆ ಹಕ್ಕನ್ನು ಮಾರಬಹುದಿತ್ತು, ಎಷ್ಟೋ ವರ್ಷ ಇಟ್ಟುಕೊಂಡು ಆಮೇಲೆ ಬಳಸಬಹುದಿತ್ತು. ಆ ವರ್ಷದೊಳಗೆ ಬಂದಿದ್ದ, ಅಷ್ಟೇ ಹೇಳಬಹುದು. ಅಂದಹಾಗೆ 1635ರಲ್ಲಿ ಜಾರ್ಜ್ ಮೆನೆಫಿ ತೋರಿಸಿದ ಇಂಥದ್ದೇ ಒಂದು ಪಟ್ಟಿಯಲ್ಲಿ ಟೋನಿ ಅನ್ನುವ ಒಬ್ಬ ಈಸ್ಟ್ ಇಂಡಿಯನ್ ಇದ್ದಾನೆ. ನಮ್ಮ ಕಡೆಯ ಸಮುದ್ರ ದಾಟಿ ಹೋದವನು. ಹಾಗಾಗಿ ದಾಖಲೆಯಲ್ಲಿ ಇಂಡಿಯನ್ ಅಂತ ಕಂಡರೆ ಎರಡು ಸಲ ಓದಿ. ಅಲ್ಲಿನ ಮೂಲನಿವಾಸಿ ಅಂತ ಸುಮ್ನೆ ಬರೆದುಕೊಳ್ಳಬೇಡಿ.

ಹೆಸರೇ ಬರೆಯದ ಜನ

ಇದನ್ನು ಬಿಟ್ಟು ವರ್ಜೀನಿಯಾದ ವಂಶಾವಳಿ ಪೂರ್ತಿಯಾಗುವುದಿಲ್ಲ. ಬೀಗರ ಹಿರಿಯನ ದಾಸ್ತಾನು ಪಟ್ಟಿಯಲ್ಲಿ ತಗಡಿನ ತಟ್ಟೆ, ಹಳೆಯ ಬೈಬಲ್, ಎರಡು ಹಸು, ಅದರ ಕೆಳಗಿನ ಸಾಲಿನಲ್ಲಿ ಒಬ್ಬ ಹುಡುಗಿಯ ಹೆಸರು, ಪಕ್ಕದಲ್ಲಿ ಬೆಲೆ. ಓದಿದಾಗ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಆ ಹುಡುಗಿಯ ವಂಶದವರೂ ಇವತ್ತು ಎಲ್ಲೋ ಹುಡುಕುತ್ತಿರುತ್ತಾರೆ. ಗುಲಾಮರಾಗಿದ್ದವರ ವಂಶ ಹುಡುಕುವವರಿಗೆ ಜನಗಣತಿಯ ಬಾಗಿಲು ತೆರೆಯುವುದು 1870ರಲ್ಲಿ. 1850 ಮತ್ತು 1860ರ ಪಟ್ಟಿಗಳಲ್ಲಿ ಹೆಚ್ಚಾಗಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ ಅನ್ನುವುದು ಮಾತ್ರ. ಅದಕ್ಕೂ ಹಿಂದಕ್ಕೆ ಹೋಗಲು ಮಾಲೀಕನ ಉಯಿಲು, ದಾಸ್ತಾನು, ಪಾಲುಪಟ್ಟಿಗಳೇ ದಾರಿ. ಅಲ್ಲಿ ಹೆಸರುಗಳಿವೆ. 1662ರ ವರ್ಜೀನಿಯಾ ಕಾನೂನಿನಂತೆ ಮಗು ಸ್ವತಂತ್ರವೋ ಅಲ್ಲವೋ ಅನ್ನುವುದು ತಾಯಿಯಿಂದ ತೀರ್ಮಾನವಾಗುತ್ತಿತ್ತು, ಹಾಗಾಗಿ ತಾಯಿಯ ಎಳೆ ಹಿಡಿದು ಹೋಗಿ. ಮೌಂಟ್ ವರ್ನನ್‌ನ 1799ರ ಪಟ್ಟಿಯಲ್ಲಿ 317 ಜನರಿದ್ದಾರೆ, ಹೆಸರು ಸಮೇತ, ಯಾರ ಗಂಡ ಅಥವಾ ಹೆಂಡತಿ ಯಾರು ಅನ್ನುವ ವಿವರ ಸಮೇತ.

ಮಾಲೀಕನ ಮನೆತನ ಹುಡುಕುತ್ತಿರುವ ನೀವು ಇಂಥ ಹೆಸರು ಕಂಡರೆ ದಾಟಿ ಹೋಗಬೇಡಿ. ಪುಸ್ತಕ, ಪುಟ, ವರ್ಷ ಬರೆದು ಎಲ್ಲರಿಗೂ ಕಾಣುವ ಕಡೆ ಹಾಕಿ. ಯಾರಿಗೋ ಅದೊಂದೇ ಸಾಲು ಬೇಕಾಗಿರುತ್ತದೆ.

ಉಳಿದ ಸಣ್ಣಪುಟ್ಟ ದೋಷಗಳು

ಓದುವ ತಪ್ಪು. ಜೆ, ಎನ್, ಓ ಅಂತ ಮೂರೇ ಅಕ್ಷರ ಇದ್ದರೆ ಅದು ಜಾನ್, ಜೊನಾಥನ್ ಅಲ್ಲ. ಉದ್ದನೆಯ ಎಸ್ ಅಕ್ಷರ ಎಫ್ ಥರ ಕಾಣುತ್ತದೆ. ಎರಡು ಸಣ್ಣ ಎಫ್ ಜೊತೆಗಿದ್ದರೆ ಅದು ಒಂದು ದೊಡ್ಡ ಎಫ್. ಒಂದು ಸೂಚಿಯಲ್ಲಿ ನಮ್ಮವರ ಮನೆತನದ ಹೆಸರಿನ ಮೊದಲ ಅಕ್ಷರವನ್ನೇ ತಪ್ಪಾಗಿ ಓದಿದ್ದರು, ಹಾಗಾಗಿ ಎರಡು ವರ್ಷ ಸಿಗಲಿಲ್ಲ. ಸೂಚಿಯಲ್ಲಿ ಇಲ್ಲ ಅಂದರೆ ಪುಸ್ತಕದಲ್ಲಿ ಇಲ್ಲ ಅಂತಲ್ಲ, ಪುಟ ಪುಟ ತಿರುವಿ ನೋಡಿ. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಜಾಲತಾಣದಲ್ಲಿ ಖಾತೆ ಉಚಿತ. ಹಳೆ ಉಯಿಲು, ಕ್ರಯಪತ್ರಗಳ ಕೈಬರಹವನ್ನು ಕಂಪ್ಯೂಟರ್ ಓದಿ ಒಳಗಿನ ಪದ ಹುಡುಕುವ ಸೌಲಭ್ಯ 2024ರಿಂದ ಅಲ್ಲಿ ಬಂದಿದೆ. ಸಾಕ್ಷಿಯಾಗಿ, ಪಕ್ಕದ ಹೊಲದವನಾಗಿ ಬಂದ ಹೆಸರೂ ಅದರಲ್ಲಿ ಸಿಗುತ್ತದೆ. ಸಿಕ್ಕಮೇಲೆ ಮೂಲದ ಚಿತ್ರ ತೆರೆದು ಕಣ್ಣಾರೆ ಓದಿ.

ನಕಲಿನ ತಪ್ಪು. ಅಂತರ್ಜಾಲದ ಐವತ್ತು ವಂಶವೃಕ್ಷ ಒಂದೇ ಮಾತು ಹೇಳಿದರೆ ಅದು ಐವತ್ತು ಸಾಕ್ಷಿಯಲ್ಲ, ಒಂದು ಸಾಕ್ಷಿಯ ಐವತ್ತು ನಕಲು. ಅಚ್ಚಾದ ಹಳೆ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಗುಸ್ತಾವ್ ಆಂಜೂ ಅನ್ನುವವನು ನೂರು ವರ್ಷದ ಹಿಂದೆ ಹಣವಂತರಿಗೆ ಸುಳ್ಳು ವಂಶಾವಳಿ ಮಾಡಿಕೊಟ್ಟು ದುಡ್ಡು ಮಾಡಿದ, ಅವನ ಕಲ್ಪನೆಗಳು ಇವತ್ತೂ ಓಡಾಡುತ್ತಿವೆ.

ಡಿಎನ್ಎ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸಾಮಾನ್ಯ ಪರೀಕ್ಷೆ ನಾಲ್ಕೈದು ತಲೆಮಾರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂಬತ್ತು ಹತ್ತು ತಲೆಮಾರು ಹಿಂದಿನ ಒಬ್ಬರಿಂದ ನಿಮಗೆ ಏನೂ ಬಂದಿರದೆಯೂ ಇರಬಹುದು. ಆದರೆ ಒಂದೇ ಹೆಸರಿನ ಇಬ್ಬರು ಗಂಡಸರನ್ನು ಬಿಡಿಸಲು, ಅವರ ಗಂಡುಮಕ್ಕಳ ಸಾಲಿನವರು ಸಿಕ್ಕಿದರೆ, ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ವೈ ಡಿಎನ್ಎಯ ಪರೀಕ್ಷೆ ಬಹಳ ಉಪಯೋಗ. ಅಳಿಯ ಕಳೆದ ತಿಂಗಳು ಅದಕ್ಕೆ ಎಂಜಲು ಕೊಟ್ಟಿದ್ದಾನೆ. ಸಹಿ ಮಾಡುವವನ ಸಾಲಿನ ಇನ್ನೊಬ್ಬರು ಟೆನೆಸಿಯಲ್ಲಿ ಸಿಕ್ಕಿದ್ದಾರೆ, ಅವರೂ ಒಪ್ಪಿದ್ದಾರೆ.

ಬೀಗಿತ್ತಿ ಗೋಡೆಯ ಚೌಕಟ್ಟು ಬಿಚ್ಚಿಸಿದರು. ಹೊಸ ಹಾಳೆಯಲ್ಲಿ ಈಗ ಎಂಟು ಹೆಸರು ಶಾಯಿಯಲ್ಲಿವೆ, ಮೇಲಿನ ಎರಡು ಪೆನ್ಸಿಲ್‌ನಲ್ಲಿ. ಯಾವ ರಾಶಿಗೂ ಸೇರದೆ ಉಳಿದ ಆರು ನಮೂದುಗಳನ್ನು ಹಿಡಿದುಕೊಂಡು ನಾನು ಮುಂದಿನ ವಾರ ತಾಯಿ ಕೌಂಟಿಯ ದಿನವಹಿ ಪುಸ್ತಕಕ್ಕೆ ಇಳಿಯುತ್ತಿದ್ದೇನೆ.